ಹದಿಮೂರು ವರ್ಷಗಳ ಒಂದು ಕಥೆ

ಕಣ್ಣು ಹರಿಯುವಷ್ಟು ದೂರವೂ ಮರಳುಗಾಡು. ಅದರ ನಡುವೆ ದಾರಿ ತಪ್ಪಿದ ಮೂವರು ನಿಂತಿದ್ದಾರೆ. ಅವರು ಮನುಷ್ಯರಲ್ಲ, ಪ್ರಾಣಿಗಳೂ ಅಲ್ಲ. ಬೆಳ್ಳನೆಯ ಮೈ, ದುಂಡನೆಯ ಮೂಗು, ದೊಡ್ಡ ಪಾದಗಳು. ಇಷ್ಟೇ ಅವರ ರೂಪ. ಮೂವರೂ ದಾಯಾದಿಗಳು. ಅವರಲ್ಲೊಬ್ಬನ ದುರಾಸೆಯ ಫಲವಾಗಿ ಊರಿನವರು ಅವನನ್ನು ಓಡಿಸಿದ್ದಾರೆ. ಉಳಿದಿಬ್ಬರು ಅವನ ಕೈಬಿಡಲಾರದೆ ಜೊತೆಗೆ ಬಂದಿದ್ದಾರೆ. ಅಷ್ಟರಲ್ಲಿ ಆಕಾಶವನ್ನೇ ಮುಚ್ಚುವಂತೆ ಮಿಡತೆಗಳ ದಂಡೊಂದು ಬಂದೆರಗುತ್ತದೆ. ಮೂವರೂ ಚೆಲ್ಲಾಪಿಲ್ಲಿಯಾಗಿ, ಒಬ್ಬನಿಗೊಬ್ಬನು ಕಾಣದಂತಾಗುತ್ತಾರೆ.

1991ರಲ್ಲಿ ಅಮೆರಿಕದ ಕೆಲವು ಚಿತ್ರಕಥೆಯ ಅಂಗಡಿಗಳಲ್ಲಿ ತೆಳುವಾದ ಒಂದು ಸಂಚಿಕೆಯನ್ನು ಬಿಡಿಸಿ ನೋಡಿದವರಿಗೆ ಕಂಡ ದೃಶ್ಯವಿದು. ಹೊದಿಕೆಗೆ ಬಣ್ಣವಿತ್ತು, ಒಳಪುಟಗಳಲ್ಲಿ ಕಪ್ಪು ಮಸಿಯ ಗೆರೆಗಳು ಮಾತ್ರ. ಅದರ ಹೆಸರು ‘ಬೋನ್’. ಬರೆದವನು, ಚಿತ್ರಿಸಿದವನು, ಅಕ್ಷರ ತುಂಬಿದವನು, ಪ್ರಕಟಿಸಿದವನು, ಎಲ್ಲವೂ ಒಬ್ಬನೇ. ಅವನ ಹೆಸರು ಜೆಫ್ ಸ್ಮಿತ್. ಅಂದು ಆ ಹೆಸರನ್ನು ಬಲ್ಲವರು ವಿರಳ. ಆ ತೆಳುವಾದ ಸಂಚಿಕೆ ಹದಿಮೂರು ವರ್ಷಗಳ ಪಯಣದ ಮೊದಲ ಹೆಜ್ಜೆಯೆಂದು ಕೊಂಡವರಾರೂ ಊಹಿಸಿರಲಾರರು.

ಜೆಫ್ ಸ್ಮಿತ್ ಹುಟ್ಟಿದ್ದು 1960ರಲ್ಲಿ, ಪೆನ್ಸಿಲ್ವೇನಿಯಾ ರಾಜ್ಯದಲ್ಲಿ. ಬೆಳೆದದ್ದು ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ. ಬೋನ್ ಎಂಬ ಆ ದುಂಡು ಮೂಗಿನ ಜೀವಿಯ ಚಿತ್ರವನ್ನು ಅವನು ಬಾಲ್ಯದಲ್ಲಿಯೇ, ಅಕ್ಷರ ಕಲಿಯುವ ವಯಸ್ಸಿನಲ್ಲಿ ಬರೆಯಲಾರಂಭಿಸಿದ್ದನು. ಶಾಲೆಯಲ್ಲಿದ್ದಾಗ ಸಹಪಾಠಿಯೊಬ್ಬಳು ತಂದಿದ್ದ ‘ಪೋಗೊ’ ಎಂಬ ಚಿತ್ರಕಥೆಯ ಪುಸ್ತಕವು ಅವನ ಕಣ್ತೆರೆಸಿತು. ವಾಲ್ಟ್ ಕೆಲ್ಲಿ ಎಂಬ ಕಲಾವಿದನ ಕುಂಚದ ಗೆರೆಗಳು ಅಷ್ಟು ಜೀವಂತವಾಗಿದ್ದವು. ಕಾರ್ಲ್ ಬಾರ್ಕ್ಸ್ ಚಿತ್ರಿಸಿದ ಬಾತುಕೋಳಿಗಳ ಸಾಹಸಕಥೆಗಳನ್ನೂ ಅವನು ಮೆಚ್ಚಿ ಓದುತ್ತಿದ್ದನು. ಆದರೆ ಅವೆಲ್ಲ ಬೇಗನೆ ಮುಗಿದುಹೋಗುತ್ತಿದ್ದವು. ಮಹಾಕಾವ್ಯದಂತೆ ವಿಸ್ತಾರವಾದ, ಆದಿ ಮಧ್ಯ ಅಂತ್ಯಗಳುಳ್ಳ ಒಂದು ಚಿತ್ರಕಥೆ ಏಕಿರಬಾರದು? ಈ ಪ್ರಶ್ನೆ ಬಾಲಕನ ಮನಸ್ಸಿನಲ್ಲಿ ಬೇರೂರಿತು. ಅಂತಹ ಕಥೆ ಎಲ್ಲಿಯೂ ಸಿಗದಿದ್ದಾಗ ಅದನ್ನು ತಾನೇ ರಚಿಸಬೇಕಾಯಿತು.

ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದಾಗ ಅವನು ಅಲ್ಲಿನ ವಿದ್ಯಾರ್ಥಿ ಪತ್ರಿಕೆ ‘ದಿ ಲ್ಯಾಂಟರ್ನ್’ಗಾಗಿ ‘ಥಾರ್ನ್’ ಎಂಬ ಚಿತ್ರಮಾಲೆಯನ್ನು ರಚಿಸಿದನು. ಬೋನ್ ಕಥೆಯ ಅನೇಕ ಪಾತ್ರಗಳು ಮೊದಲು ಕಾಣಿಸಿಕೊಂಡದ್ದು ಅಲ್ಲಿಯೇ. ಪತ್ರಿಕೆಗಳಿಗೆ ಚಿತ್ರಮಾಲೆಗಳನ್ನು ಒದಗಿಸುವ ದೊಡ್ಡ ಸಂಸ್ಥೆಗಳ ಮುಂದೆಯೂ ತನ್ನ ಕಥೆಯನ್ನಿಟ್ಟನು. ಆದರೆ ಆ ಮಾರ್ಗದಲ್ಲಿ ಹೋದರೆ ಕಥೆಯನ್ನು ಪರರ ಇಚ್ಛೆಗೆ ತಕ್ಕಂತೆ ಬದಲಿಸಬೇಕಾಗಿತ್ತು. ಅದರ ಒಡೆತನವನ್ನೂ ಬಿಟ್ಟುಕೊಡಬೇಕಾಗಿತ್ತು. ಅವನು ಒಪ್ಪಲಿಲ್ಲ. 1986ರಲ್ಲಿ ಗೆಳೆಯರೊಡಗೂಡಿ ಚಲಿಸುವ ಚಿತ್ರಗಳನ್ನು ತಯಾರಿಸುವ ಸಂಸ್ಥೆಯೊಂದನ್ನು ಸ್ಥಾಪಿಸಿ ಜೀವನೋಪಾಯ ಕಂಡುಕೊಂಡನು. ಆದರೂ ಮನಸ್ಸಿನಲ್ಲಿದ್ದ ಕಥೆ ಸುಮ್ಮನಿರಲು ಬಿಡಲಿಲ್ಲ.

ಅವನ ಹಟಕ್ಕೆ ಕಾರಣವಿತ್ತು. ಅಮೆರಿಕದ ಚಿತ್ರಕಥೆಯ ಚರಿತ್ರೆಯಲ್ಲಿ ಒಂದು ನೋವಿನ ಅಧ್ಯಾಯವುಂಟು. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶಸ್ಟರ್ ಎಂಬ ಇಬ್ಬರು ತರುಣರು ತಾವು ಸೃಷ್ಟಿಸಿದ ‘ಸೂಪರ್‌ಮ್ಯಾನ್’ ಪಾತ್ರದ ಸಮಸ್ತ ಹಕ್ಕನ್ನು ಕೇವಲ 130 ಡಾಲರುಗಳಿಗೆ ಪ್ರಕಾಶಕರಿಗೆ ಮಾರಿಬಿಟ್ಟರು. ಆ ಪಾತ್ರ ಜಗತ್ತಿನಲ್ಲೆಲ್ಲ ಮೆರೆಯಿತು. ಅದನ್ನು ಹೆತ್ತವರು ಹಲವು ವರ್ಷ ಬಡತನದಲ್ಲಿ ಕಳೆದರು. ಕಥೆಯ ಒಡೆತನ ಕಂಪೆನಿಗೆ ಸೇರಿದಾಗ ಇನ್ನೊಂದು ಹಾನಿಯೂ ಉಂಟಾಗುತ್ತದೆ. ಪಾತ್ರದಿಂದ ಲಾಭ ಬರುತ್ತಿರುವವರೆಗೆ ಕಂಪೆನಿ ಕಥೆಯನ್ನು ಮುಗಿಯಗೊಡುವುದಿಲ್ಲ. ಒಬ್ಬ ಲೇಖಕನು ಹೋದರೆ ಮತ್ತೊಬ್ಬನು ಬರುತ್ತಾನೆ. ಕಥೆ ಬೆಳೆಯುತ್ತಲೇ ಇರುತ್ತದೆ. ತನ್ನ ಕಥೆಯನ್ನು ತಾನು ಬಯಸಿದಂತೆ ಮುಗಿಸುವ ಸ್ವಾತಂತ್ರ್ಯ ಅದರ ಒಡೆಯನಿಗಲ್ಲದೆ ಬೇರೆಯವರಿಗಿಲ್ಲ.

ಸ್ವತಂತ್ರ ಮಾರ್ಗದಲ್ಲಿ ಸ್ಮಿತ್‌ಗಿಂತ ಮುಂಚೆ ನಡೆದವರೂ ಇದ್ದರು. ವೆಂಡಿ ಪಿನಿ ಮತ್ತು ರಿಚರ್ಡ್ ಪಿನಿ ಎಂಬ ದಂಪತಿಗಳು 1978ರಲ್ಲಿ ‘ಎಲ್ಫ್‌ಕ್ವೆಸ್ಟ್’ ಎಂಬ ಅದ್ಭುತ ಚಿತ್ರಕಥೆಯನ್ನು ಆರಂಭಿಸಿ, ಸ್ವಂತ ಪ್ರಕಾಶನದ ಮೂಲಕ ಹೊರತಂದರು. ತೋಳಗಳ ಮೇಲೆ ಸವಾರಿ ಮಾಡುವ ಪುಟ್ಟ ವನವಾಸಿಗಳ ಆ ಕಥೆಯ ಅಂತಿಮ ಭಾಗ ಮುಗಿದದ್ದು 2018ರಲ್ಲಿ, ಅಂದರೆ ನಲವತ್ತು ವರ್ಷಗಳ ಅನಂತರ. ಇಂತಹ ಪ್ರಯತ್ನಗಳಿಗೆ ಅನುಕೂಲವಾದದ್ದು ಆ ಕಾಲದಲ್ಲಿ ಹುಟ್ಟಿಕೊಂಡ ಹೊಸ ಬಗೆಯ ಅಂಗಡಿಗಳು. ಅಲ್ಲಿ ಮಾರುತ್ತಿದ್ದುದು ಮುಖ್ಯವಾಗಿ ಚಿತ್ರಕಥೆಗಳನ್ನೇ. ಅಂಗಡಿಯವರು ತಮಗೆ ಬೇಕಾದ ಪ್ರತಿಗಳನ್ನು ವಿತರಕರ ಮೂಲಕ ಮುಂಚಿತವಾಗಿ ಕೇಳುತ್ತಿದ್ದರು; ಉಳಿದ ಪ್ರತಿಗಳನ್ನು ಹಿಂದಿರುಗಿಸುವಂತಿರಲಿಲ್ಲ. ಎಷ್ಟು ಪ್ರತಿ ಅಚ್ಚುಹಾಕಬೇಕೆಂಬುದು ಮೊದಲೇ ತಿಳಿಯುತ್ತಿದ್ದುದರಿಂದ ಅಲ್ಪ ಬಂಡವಾಳದವನೂ ಪ್ರಕಾಶಕನಾಗಬಹುದಾಗಿತ್ತು.

ಸ್ಮಿತ್ ತನ್ನ ಪ್ರಕಾಶನಕ್ಕೆ ‘ಕಾರ್ಟೂನ್ ಬುಕ್ಸ್’ ಎಂದು ಹೆಸರಿಟ್ಟನು. ಆರಂಭದಲ್ಲಿ ಬೇಡಿಕೆ ಬಹಳ ಕಡಮೆ. ಎರಡು ತಿಂಗಳಿಗೊಮ್ಮೆ ಸಂಚಿಕೆ ಹೊರಡಬೇಕು. ಅದಕ್ಕಾಗಿ ಕಥೆ ಹೊಸೆಯಬೇಕು, ಚಿತ್ರ ಬರೆಯಬೇಕು, ಮುದ್ರಣಾಲಯದ ಹಣ ತೆರಬೇಕು, ಅಂಗಡಿಗಳೊಡನೆ ಪತ್ರವ್ಯವಹಾರ ನಡೆಸಬೇಕು. ಒಬ್ಬನ ಕೈಯಲ್ಲಿ ಇದೆಲ್ಲವೂ ಸಾಗುವಂತಿರಲಿಲ್ಲ. ಆಗ ಅವನ ಪತ್ನಿ ವಿಜಯಾ ಅಯ್ಯರ್ ತಮ್ಮ ಉದ್ಯೋಗವನ್ನು ತೊರೆದು ಪ್ರಕಾಶನದ ಹೊಣೆಯನ್ನು ವಹಿಸಿಕೊಂಡರು. ಲೆಕ್ಕಪತ್ರ, ಮುದ್ರಣ, ಮಾರಾಟಗಳ ಭಾರ ಅವರದಾಯಿತು; ಸ್ಮಿತ್‌ಗೆ ಕುಂಚ ಹಿಡಿಯಲು ಬಿಡುವು ದೊರೆಯಿತು. ಹೊದಿಕೆಯ ಮೇಲೆ ಒಬ್ಬರ ಹೆಸರಿದ್ದರೂ ಆ ಕಾರ್ಯದ ಹಿಂದೆ ಇಬ್ಬರ ದುಡಿಮೆಯಿತ್ತು.

ಕಥೆಯಾದರೂ ಎಂತಹುದು? ಮಿಡತೆಗಳಿಂದ ಬೇರ್ಪಟ್ಟ ಫೋನ್ ಬೋನ್ ಒಂದು ಅಪರಿಚಿತ ಕಣಿವೆಗೆ ಬಂದು ಸೇರುತ್ತಾನೆ. ಅಲ್ಲಿ ಥಾರ್ನ್ ಎಂಬ ಹಳ್ಳಿಯ ಹುಡುಗಿಯೂ, ಅವಳ ಅಜ್ಜಿಯೂ ಅವನಿಗೆ ಆಶ್ರಯ ಕೊಡುತ್ತಾರೆ. ಅಜ್ಜಿ ಸಾಮಾನ್ಯಳಲ್ಲ, ಹಸುಗಳೊಡನೆ ಓಟದ ಪಂದ್ಯಕ್ಕೆ ಇಳಿದು ಗೆಲ್ಲುವಷ್ಟು ಗಟ್ಟಿಗಿತ್ತಿ. ಕಾಡಿನಲ್ಲಿ ಇಲಿಯಂತಹ ಮೋರೆಯ ರಕ್ಕಸರಿದ್ದಾರೆ. ಅವರಲ್ಲಿ ಇಬ್ಬರಂತೂ ಬೇಟೆಯನ್ನು ಹೇಗೆ ಬೇಯಿಸಿ ತಿನ್ನಬೇಕೆಂದು ಜಗಳವಾಡುತ್ತ ಬೇಟೆಯನ್ನೇ ಕಳೆದುಕೊಳ್ಳುವ ಮಂದಬುದ್ಧಿಗಳು. ಊರಿಂದ ಓಡಿಸಲ್ಪಟ್ಟ ಫೋನಿ ಬೋನ್ ಇಲ್ಲಿಯೂ ಹಣದಾಸೆಗೆ ಬಿದ್ದು ಮೋಸದ ಪಂದ್ಯ ಹೂಡುತ್ತಾನೆ. ಮೊದಲ ಸಂಚಿಕೆಗಳನ್ನು ಓದುವವರು ನಗುನಗುತ್ತಲೇ ಪುಟ ತಿರುವುತ್ತಾರೆ.

ಆದರೆ ನಗೆಯ ಕೆಳಗೆ ಬೇರೊಂದು ಪ್ರವಾಹ ಹರಿಯುತ್ತಿರುತ್ತದೆ. ಥಾರ್ನ್‌ಳ ಕನಸುಗಳಲ್ಲಿ ಮರೆತುಹೋದ ಬಾಲ್ಯದ ನೆರಳುಗಳು ಕಾಣಿಸುತ್ತವೆ. ಅವಳು ರಾಜಕುಲದವಳೆಂಬ ಸತ್ಯವನ್ನು ಅಜ್ಜಿ ಮುಚ್ಚಿಟ್ಟಿದ್ದಾಳೆ. ಕಣಿವೆಯ ಮೇಲೆ ಯುದ್ಧದ ಕಾರ್ಮೋಡ ಕವಿಯುತ್ತದೆ. ಹಾಸ್ಯದಿಂದ ಆರಂಭವಾದ ಕಥೆ ಕ್ರಮೇಣ ಭಯ, ತ್ಯಾಗ, ವಿಶ್ವಾಸಗಳ ಕಥೆಯಾಗುತ್ತದೆ. ಇಲಿರಕ್ಕಸರ ಮರಿಯೊಂದನ್ನು ಸ್ಮೈಲಿ ಬೋನ್ ಪ್ರೀತಿಯಿಂದ ಸಾಕುವ ಪ್ರಸಂಗದಲ್ಲಿ, ಶತ್ರುವೆಂದರೆ ಯಾರು ಎಂಬ ಪ್ರಶ್ನೆಯನ್ನು ಲೇಖಕನು ಯಾವ ಉಪದೇಶವೂ ಇಲ್ಲದೆ ಓದುಗನ ಮುಂದಿಡುತ್ತಾನೆ. ಚಿತ್ರಗಳಲ್ಲಿಯೂ ಈ ಜೋಡಣೆ ಕಾಣುತ್ತದೆ. ಬೋನ್‌ಗಳ ಮೈ ನಾಲ್ಕೇ ಗೆರೆಗಳಲ್ಲಿ ಮುಗಿಯುತ್ತದೆ. ಅವರ ಹಿಂದಿನ ಮರ, ಬಂಡೆ, ಹಿಮಗಳು ನಿಜವಾದ ಕಾಡಿನಂತೆ ಗಂಭೀರವಾಗಿರುತ್ತವೆ. ಹಲವು ಚೌಕಟ್ಟುಗಳಲ್ಲಿ ಮಾತೇ ಇಲ್ಲ; ಕಣ್ಣಿನ ಒಂದು ನೋಟವೇ ಎಲ್ಲವನ್ನೂ ಹೇಳುತ್ತದೆ.

ದೀರ್ಘಕಾಲ ನಡೆಯುವ ಕಥೆಗೆ ವಿಶೇಷವಾದ ಒಂದು ತೊಡಕುಂಟು. ಇಪ್ಪತ್ತನೆಯ ಸಂಚಿಕೆಯಲ್ಲಿ ಕಥೆಯನ್ನು ಕಂಡುಕೊಂಡ ಓದುಗನಿಗೆ ಮೊದಲ ಹತ್ತೊಂಬತ್ತು ಎಲ್ಲಿ ಸಿಗಬೇಕು? ಹಳೆಯ ಸಂಚಿಕೆಗಳು ಮುಗಿದುಹೋಗಿ, ಸಂಗ್ರಾಹಕರ ಕೈಸೇರಿ ದುಬಾರಿಯಾಗುತ್ತಿದ್ದವು. ಅಂದಿನ ವ್ಯಾಪಾರಿಗಳು ಇದನ್ನು ತೊಡಕೆಂದು ಎಣಿಸಲಿಲ್ಲ. ವಸ್ತು ದುರ್ಲಭವಾದಷ್ಟೂ ಅದಕ್ಕೆ ಬೆಲೆಯಲ್ಲವೇ? ಸ್ಮಿತ್ ದಂಪತಿಗಳ ಎಣಿಕೆ ಬೇರೆಯಾಗಿತ್ತು. ಕಥೆ ಇರುವುದು ಓದುವುದಕ್ಕೆ, ಪೆಟ್ಟಿಗೆಯಲ್ಲಿಡುವುದಕ್ಕಲ್ಲ ಎಂದು ಅವರು ಬಗೆದರು. ಸಂಚಿಕೆಗಳನ್ನು ಕೂಡಿಸಿ 1993ರಿಂದ ಪುಸ್ತಕಗಳಾಗಿ ಹೊರತಂದರು. ಪ್ರತಿಗಳು ಮುಗಿದಂತೆ ಮತ್ತೆ ಅಚ್ಚುಹಾಕಿಸಿದರು. ಇದರಿಂದ ತಡವಾಗಿ ಬಂದವನಿಗೂ ಕಥೆಯ ಬಾಗಿಲು ತೆರೆದೇ ಇತ್ತು. ಗೆಳೆಯನಿಂದ ಗೆಳೆಯನಿಗೆ, ಗ್ರಂಥಾಲಯದಿಂದ ಮನೆಗೆ ಪುಸ್ತಕ ಸಾಗಿತು.

ಕಷ್ಟಗಳು ಬರದೆ ಇರಲಿಲ್ಲ. 1990ರ ದಶಕದ ನಡುವಿನಲ್ಲಿ ಅಮೆರಿಕದ ಚಿತ್ರಕಥೆಯ ಮಾರುಕಟ್ಟೆ ಕುಸಿಯಿತು. ಲಾಭದಾಸೆಯಿಂದ ಪ್ರತಿಗಳನ್ನು ಕೊಂಡಿಡುತ್ತಿದ್ದವರು ಹಿಂಜರಿದರು; ಅನೇಕ ಅಂಗಡಿಗಳು ಮುಚ್ಚಿದವು; ವಿತರಕರು ಒಬ್ಬೊಬ್ಬರಾಗಿ ಮರೆಯಾದರು. ಆಗ ಬೋನ್ ಕೆಲವು ಸಂಚಿಕೆಗಳ ಮಟ್ಟಿಗೆ ‘ಇಮೇಜ್’ ಎಂಬ ದೊಡ್ಡ ಪ್ರಕಾಶನದ ಆಸರೆ ಪಡೆಯಿತು. ಒಡೆತನವನ್ನು ಮಾತ್ರ ಸ್ಮಿತ್ ಬಿಡಲಿಲ್ಲ. ಬಿರುಗಾಳಿ ತಗ್ಗಿದ ಮೇಲೆ ಕಥೆಯನ್ನು ಮತ್ತೆ ಸ್ವಂತ ಪ್ರಕಾಶನಕ್ಕೆ ತಂದನು. ಕೆಲವೊಮ್ಮೆ ಸಂಚಿಕೆಗಳು ತಡವಾದವು. ಆದರೆ ಕಥೆ ಎಲ್ಲಿಗೆ ಮುಟ್ಟಬೇಕೆಂಬುದು ಅವನಿಗೆ ಮೊದಲೇ ತಿಳಿದಿತ್ತು. ಗುರಿ ಕಣ್ಣೆದುರಿಗಿದ್ದುದರಿಂದ ದಾರಿಯ ದೂರ ಅವನನ್ನು ಕಂಗೆಡಿಸಲಿಲ್ಲ.

2004ರಲ್ಲಿ ಐವತ್ತೈದನೆಯ ಸಂಚಿಕೆಯೊಡನೆ ಬೋನ್ ಕಥೆ ಸಮಾಪ್ತವಾಯಿತು. ಅದೇ ವರ್ಷ ಸಮಗ್ರ ಕಥೆ 1,300ಕ್ಕೂ ಹೆಚ್ಚು ಪುಟಗಳ ಒಂದೇ ಸಂಪುಟವಾಗಿ ಬೆಳಕು ಕಂಡಿತು. ಬಾಲಕನೊಬ್ಬನು ಹುಡುಕಿ ಕಾಣದಿದ್ದ ಪುಸ್ತಕ ಈಗ ಎದುರಿಗಿತ್ತು. 2005ರಿಂದ ಸ್ಕೊಲಾಸ್ಟಿಕ್ ಸಂಸ್ಥೆಯು ಸ್ಟೀವ್ ಹಮಾಕರ್ ಬಣ್ಣ ತುಂಬಿದ ಪುಟಗಳೊಡನೆ ಒಂಬತ್ತು ಸಂಪುಟಗಳನ್ನು ಪ್ರಕಟಿಸಿ, ಅವನ್ನು ಶಾಲೆಗಳಿಗೂ ಗ್ರಂಥಾಲಯಗಳಿಗೂ ಒಯ್ದಿತು. ಕಥೆ ಆರಂಭವಾದಾಗ ಹುಟ್ಟಿಯೇ ಇರದಿದ್ದ ಮಕ್ಕಳು ಅದನ್ನು ಹೊಸದಾಗಿ ಕಂಡುಕೊಂಡರು. ಚಿತ್ರಕಥೆಗೆ ಮೀಸಲಾದ ಐಸ್ನರ್ ಮತ್ತು ಹಾರ್ವೆ ಪ್ರಶಸ್ತಿಗಳು ಬೋನ್‌ಗೆ ಅನೇಕ ಬಾರಿ ಸಂದವು.

ಪ್ರಶಸ್ತಿಗಳಿಗಿಂತ ದೊಡ್ಡದು ಮಾತು ಉಳಿಸಿಕೊಂಡ ತೃಪ್ತಿ. ಕಥೆಗಾರನು ಮೊದಲ ಪುಟದಲ್ಲಿಯೇ ಓದುಗನಿಗೆ ಒಂದು ಭಾಷೆ ಕೊಟ್ಟಿರುತ್ತಾನೆ: ಈ ಕಥೆಯನ್ನು ಕೊನೆ ಮುಟ್ಟಿಸುವೆನು ಎಂದು. ಲೋಕದಲ್ಲಿ ಆರಂಭಶೂರರಿಗೆ ಬರವಿಲ್ಲ. ಹಿಡಿದ ಕಾರ್ಯವನ್ನು ಕಡೆ ಹಾಯಿಸುವವರು ಕೆಲವರೇ. ಹನಿಗೂಡಿ ಹಳ್ಳವೆಂಬ ಗಾದೆಯಂತೆ, ಒಂದೊಂದೇ ಚೌಕಟ್ಟು ಕೂಡಿ ಸಾವಿರಾರು ಪುಟಗಳಾಗಬಲ್ಲವು. ಮರಳುಗಾಡಿನಲ್ಲಿ ದಾರಿ ತಪ್ಪಿದ ಆ ಮೂವರು ಮರಳಿ ಊರು ಸೇರಿದರೇ? ಅದನ್ನು ಇಲ್ಲಿ ಹೇಳುವುದು ಉಚಿತವಲ್ಲ. ಅದನ್ನು ತಾನಾಗಿ ಕಂಡುಕೊಳ್ಳುವ ಸಂತೋಷ ಓದುಗನಿಗೆ ಸೇರಿದುದು.

ಅಭ್ಯಾಸ

1. ಬಾಲಕ ಜೆಫ್ ಸ್ಮಿತ್‌ನ ಮನಸ್ಸಿನಲ್ಲಿ ಬೇರೂರಿದ ಪ್ರಶ್ನೆ ಯಾವುದು?
2. ‘ಸೂಪರ್‌ಮ್ಯಾನ್’ ಪಾತ್ರದ ಹಕ್ಕನ್ನು ಮಾರಿದ ಪ್ರಸಂಗದಿಂದ ತಿಳಿದುಬರುವುದೇನು?
3. ಹಳೆಯ ಸಂಚಿಕೆಗಳನ್ನು ಮತ್ತೆ ಮತ್ತೆ ಅಚ್ಚುಹಾಕಿಸಲು ಕಾರಣವೇನು? ಅದರ ಪರಿಣಾಮವೇನಾಯಿತು?
4. ‘ಆರಂಭಶೂರ’ ಎಂಬ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ.