ಅಜ್ಜಿಯ ಪದಕ್ಕೆ ಅಳಿಯದ ಅಕ್ಷರ

ಬಸವಾಪಟ್ಟಣದ ಓದುಗರ ಪ್ರಶ್ನೆ: ಅಜ್ಜಿ ಹಾಡಿದ ಸೋಬಾನೆ ಪದಗಳ 1080ಪಿ ಎಂಪಿ4 ವಿಡಿಯೊ ಇದೆ. ಕಿವಿ ಕೇಳದ ಅಪ್ಪ ಟಿವಿಯಲ್ಲಿ ಓದಿಕೊಳ್ಳಲು ಕನ್ನಡ ಸಬ್‌ಟೈಟಲ್ ಶಾಶ್ವತವಾಗಿ ಸೇರಿಸಬೇಕು, ಫಾರ್ಮ್ಯಾಟ್ ಬದಲಾಗಬಾರದು. ಹೇಗೆ?

ಉತ್ತರ: ಫಾರ್ಮ್ಯಾಟ್ ಹಾಗೇ ಉಳಿಯುತ್ತದೆ. ಆದರೆ ಅಕ್ಷರ ಚಿತ್ರದೊಳಗೇ ಅಚ್ಚಾಗಬೇಕಾದರೆ ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡಲೇಬೇಕು. ಹಾಗಾಗಿ ಮೂಲ ಫೈಲಿನ ಒಂದು ಪ್ರತಿಯನ್ನು ಮೊದಲೇ ಬೇರೆ ಕಡೆ ತೆಗೆದಿಡಿ. ಆ ದನಿ ಮತ್ತೆ ಸಿಗುವಂಥದ್ದಲ್ಲ.

ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಸಾಲುಗಳನ್ನು ಹಾಡಿಗೆ ಹೊಂದಿಸಿ, ಯುಟಿಎಫ್-8 ಎಸ್‌ಆರ್‌ಟಿ ಫೈಲಾಗಿ ಉಳಿಸಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಇಲ್ಲದಿದ್ದರೆ ತೆರೆಯ ಮೇಲೆ ಬರೀ ಗೋಜಲು ಚಿಹ್ನೆ. ಆಮೇಲೆ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ವಿಡಿಯೊ ತೆರೆದು, ಆ ಫೈಲ್ ಸೇರಿಸಿ ‘ಬರ್ನ್ ಇನ್’ ಆರಿಸಿ. ಎಂಪಿ4, ಎಚ್.264, 1920×1080, ಗುಣಮಟ್ಟಕ್ಕೆ ಆರ್‌ಎಫ್ 18 ಇರಲಿ. ಫ್ರೇಮ್ ದರ ಮೂಲದಂತೆ, ಧ್ವನಿಗೆ ‘ಪಾಸ್‌ಥ್ರೂ’, ಕ್ರಾಪ್ ಬೇಡ.

ಇಡೀ ವಿಡಿಯೊಗೆ ಕೈಹಾಕುವ ಮುನ್ನ ಒಂದು ನಿಮಿಷದ ತುಣುಕು ಮಾಡಿ, ಪೆನ್‌ಡ್ರೈವ್‌ಗೆ ಹಾಕಿ, ಅಪ್ಪ ಕೂರುವ ಜಾಗದಿಂದಲೇ ಓದಿ ನೋಡಿ. ‘ಶಾಸ್ತ್ರ’ದ ಒತ್ತಕ್ಷರ ಒಡೆದು ಕಂಡರೆ ಸಬ್‌ಟೈಟಲ್ ಎಡಿಟ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಆರಿಸಿ, ಎಸ್‌ಆರ್‌ಟಿ ಬದಲು ಎಎಸ್‌ಎಸ್ ಫೈಲಾಗಿ ಉಳಿಸಿ ಬಳಸಿ.

ವಿಡಿಯೊದಲ್ಲಿ ಅಜ್ಜಿ ಕೈ ಆಡಿಸುವಾಗ ಬಾಚಣಿಗೆಯ ಹಲ್ಲಿನಂತೆ ಗೆರೆ ಮೂಡಿದರೆ ಅದು ಇಂಟರ್‌ಲೇಸ್ ಚಿತ್ರೀಕರಣ. ಆಗ ಮೂಲ ಫೈಲ್ ಹಿಡಿದು ಚನ್ನಗಿರಿಯಲ್ಲೋ ದಾವಣಗೆರೆಯಲ್ಲೋ ಅನುಭವಿ ವಿಡಿಯೊ ಎಡಿಟರ್ ಬಳಿ ಹೋಗಿ.