ಲಂಡನ್ನಿನಲ್ಲಿ ಬಿಡಾರ

ನಮ್ಮೂರಿನ ಗೆಳೆಯನೊಬ್ಬನು ಹೆಚ್ಚಿನ ವ್ಯಾಸಂಗಕ್ಕೆಂದು ಲಂಡನ್ನಿಗೆ ಹೊರಟಿದ್ದಾನೆ. ಅವನ ತಂದೆ ಗದ್ದೆಯನ್ನು ಅಡವಿಟ್ಟು ಹಣ ಹೊಂದಿಸಿದ್ದಾರೆ. ವಿದ್ಯಾರ್ಥಿನಿಲಯದ ಕೋಣೆ ದೊರೆಯುವವರೆಗಿನ ಹತ್ತು ದಿನ ಅವನು ಎಲ್ಲಿ ತಂಗಬೇಕು? ಇದಕ್ಕಾಗಿ ನಾವಿಬ್ಬರೂ ಆ ನಗರದ ಭೂಪಟವನ್ನು ಅಭ್ಯಸಿಸಿದೆವು. ಅದರಿಂದ ಕಲಿತದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಲಂಡನ್ನಿನ ಸುರಂಗ ರೈಲು 1863ರಲ್ಲಿ ಆರಂಭವಾಯಿತು. ಇಂದು ಅದರ ದರಕ್ಕಾಗಿ ನಗರವನ್ನು ಬಳೆಯ ಸುತ್ತ ಬಳೆಯಿಟ್ಟಂತೆ ವಲಯಗಳಾಗಿ ವಿಂಗಡಿಸಿದ್ದಾರೆ. ನಡುವಿನದು 1ನೆಯ ವಲಯ. ಹೀಥ್ರೋ ವಿಮಾನ ನಿಲ್ದಾಣವು 6ನೆಯದರಲ್ಲಿದೆ. ಹೊರವಲಯದಲ್ಲಿ ಬಾಡಿಗೆ ಸಾಮಾನ್ಯವಾಗಿ ಕಡಿಮೆ. ಆದರೆ ನಗರದ ನಡುವಿಗೆ ಬರಲು ರೈಲಿನ ವೆಚ್ಚವೂ ಹೊತ್ತೂ ಹೆಚ್ಚು. ಆದ್ದರಿಂದ ಎರಡನ್ನೂ ಕೂಡಿಸಿಯೇ ತೂಗಬೇಕು. ಬಸ್ಸಿಗಾದರೋ ದೂರ ಎಷ್ಟಿದ್ದರೂ ಒಂದೇ ದರ.

ಗೆಳೆಯನು ಮೊದಲು ಹೊರವಲಯದ ಅಗ್ಗದ ಕೋಣೆಯೊಂದನ್ನು ಆರಿಸಿದ್ದನು. ಲೆಕ್ಕ ಹಾಕಿದಾಗ ಉಳಿತಾಯದ ಬಹುಪಾಲು ರೈಲಿನಲ್ಲಿಯೇ ಕರಗಿತು. ಕೊನೆಗೆ ಬ್ಲೂಮ್ಸ್‌ಬರಿಯಲ್ಲಿ, ಹಲವರು ಒಂದೇ ಕೋಣೆಯಲ್ಲಿ ಮಲಗುವ ಹಾಸ್ಟೆಲೊಂದನ್ನು ಗೊತ್ತುಮಾಡಿದೆವು. ಹೀಥ್ರೋವಿನಿಂದ ಪಿಕಾಡಿಲಿ ಮಾರ್ಗದ ರೈಲು, ನಡುವೆ ಬದಲಿಸುವ ತೊಂದರೆಯಿಲ್ಲದೆ, ಅಲ್ಲಿಯ ರಸೆಲ್ ಸ್ಕ್ವೇರಿಗೆ ತಲುಪಿಸುತ್ತದೆ. ಹೊಸಬನಿಗೆ, ಅದೂ ಪೆಟ್ಟಿಗೆ ಹೊತ್ತವನಿಗೆ, ಇದು ಸಣ್ಣ ಉಪಕಾರವಲ್ಲ. ಬ್ರಿಟಿಷ್ ಮ್ಯೂಸಿಯಂ, ಲಂಡನ್ ವಿಶ್ವವಿದ್ಯಾಲಯಗಳಿಗೆ ನಡೆದೇ ಹೋಗಬಹುದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳುತ್ತಾರೆ. ಹಾಸಿಗೆ ಎಲ್ಲಿದೆಯೆಂಬುದನ್ನೂ ನೋಡಬೇಕೆಂದು ನಾನು ಕಲಿತೆನು. ಥೇಮ್ಸ್ ನದಿಯ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಮೊದಲ ಭಾನುವಾರ ಬಸ್ಸಿನಲ್ಲಿ ಹೋಗಿ ಅದನ್ನು ಕಂಡು ಬರುವೆನೆಂದು ಗೆಳೆಯನು ಮಾತುಕೊಟ್ಟಿದ್ದಾನೆ.