ಸಣ್ಣ ಕಸುಬುಮನೆಯಲ್ಲಿ ತೊಗಲಿನ ದಾಸ್ತಾನು: ಮಳೆಗಾಲಕ್ಕೆ ಮುನ್ನ ತಿಳಿದಿರಬೇಕಾದದ್ದು

ಬೆಳಗಾವಿ ಜಿಲ್ಲೆಯಲ್ಲಿ ಹೊಲದ ಕೆಲಸದ ಜೊತೆಗೆ ತೊಗಲಿನ ಕಸುಬನ್ನೂ ನಡೆಸಿಕೊಂಡು ಬಂದ ಮನೆಗಳಿವೆ. ಹಿಂದೆ ಕಪಿಲೆಯ ತೊಗಲ ಚೀಲ, ಮಿಣಿ, ಬಾರುಕೋಲು, ಎತ್ತಿನ ಕೊರಳಪಟ್ಟಿ ಇವೇ ಮುಖ್ಯ ಕೆಲಸಗಳಾಗಿದ್ದವು. ಪಂಪುಸೆಟ್ಟು, ಟ್ರ್ಯಾಕ್ಟರು ಬಂದ ಮೇಲೆ ಈ ಕೆಲಸ ಕಡಿಮೆಯಾಗಿ, ಚಪ್ಪಲಿಯ ಕೆಲಸವೇ ಹೆಚ್ಚಿನ ಆಧಾರವಾಯಿತು. ಅಥಣಿ, ನಿಪ್ಪಾಣಿ ಕಡೆಯ ಕಸುಬುದಾರರು ಹೊಲಿಯುವ ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳು ಈ ಮಾನ್ಯತೆಯಲ್ಲಿ ಸೇರಿವೆ. ಆದುದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಸುಬುದಾರರಿಗೂ ಇದರಲ್ಲಿ ಪಾಲುಂಟು.

ಆದರೆ ಮಾನ್ಯತೆ ಇದ್ದ ಮಾತ್ರಕ್ಕೆ ಲಾಭ ಬರುವುದಿಲ್ಲ. ಸಣ್ಣ ಕಸುಬುದಾರನ ಬಂಡವಾಳವೆಲ್ಲ ತೊಗಲಿನ ರೂಪದಲ್ಲಿಯೇ ಇರುತ್ತದೆ. ಬೇಸಿಗೆಯಲ್ಲಿ ಸಾಲ ಮಾಡಿ ಕೊಂಡಿಟ್ಟ ತೊಗಲು ದಸರೆ, ದೀಪಾವಳಿಯ ಮಾರಾಟದ ವೇಳೆಗೆ ಕೈಗೆ ಬರಬೇಕು. ನಡುವೆ ನಾಲ್ಕು ತಿಂಗಳ ಮಳೆಗಾಲವಿದೆ. ಕೆಲಸದಲ್ಲಿ ಎಷ್ಟೇ ಜಾಣನಾದರೂ ದಾಸ್ತಾನು ಕೆಟ್ಟರೆ ಕೂಲಿಯೂ ಹುಟ್ಟದು. ತೊಗಲು ಕೆಡುವುದಕ್ಕೆ ಮುಖ್ಯ ಕಾರಣ ತೇವ. ತೇವವನ್ನು ಹತೋಟಿಯಲ್ಲಿಟ್ಟರೆ ಬೂಷ್ಟು, ಹುಳು, ಕೊಳೆತ ಈ ಮೂರೂ ಬಹುಮಟ್ಟಿಗೆ ಹತೋಟಿಗೆ ಬರುತ್ತವೆ.

ಎರಡು ಬಗೆಯ ತೊಗಲು, ಎರಡು ಬೇರೆ ಜಾಗ

ದನ, ಎಮ್ಮೆ, ಆಡು, ಕುರಿಗಳಿಂದ ಬಿಡಿಸಿದ, ಇನ್ನೂ ಹದ ಮಾಡದ ತೊಗಲಿಗೆ ಹಸಿ ತೊಗಲು ಎನ್ನುತ್ತೇವೆ. ಜಾಲಿಯ ಚಕ್ಕೆ, ಅಳಲೆಕಾಯಿ ಮೊದಲಾದವುಗಳ ಒಗರಿನಲ್ಲಿ ನೆನೆಸಿ ಸಿದ್ಧಪಡಿಸಿದ್ದು ಹದ ಮಾಡಿದ ತೊಗಲು. ಹಸಿ ತೊಗಲು ಕೊಳೆಯುವ ವಸ್ತು. ಹದ ಮಾಡಿದ ತೊಗಲು ಸುಲಭವಾಗಿ ಕೊಳೆಯದು, ಆದರೆ ಬೂಷ್ಟು ಹಿಡಿಯುವುದು. ಇವೆರಡನ್ನೂ ಒಂದೇ ಕೋಣೆಯಲ್ಲಿ ಇಡಕೂಡದು. ಹಸಿ ತೊಗಲಿಗೆ ಹಾಕಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ನೀರೊಡೆಯುತ್ತದೆ. ಅದರಲ್ಲಿರುವ ಹುಳುಗಳೂ ಕೋಣೆಯೆಲ್ಲ ಹರಡುತ್ತವೆ.

ಹಸಿ ತೊಗಲಿನ ಸಂರಕ್ಷಣೆ

ಹಸಿ ತೊಗಲಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೀರೇ ಇರುತ್ತದೆ. ಬೇಸಿಗೆಯಲ್ಲಿ ಬಿಡಿಸಿದ ಕೆಲವೇ ಗಂಟೆಗಳಲ್ಲಿ ಅದರಲ್ಲಿ ಸೂಕ್ಷ್ಮಾಣುಗಳು ಬೆಳೆಯತೊಡಗುತ್ತವೆ. ಆದ್ದರಿಂದ 4ರಿಂದ 6 ಗಂಟೆಗಳೊಳಗೆ ಉಪ್ಪು ಹಾಕಬೇಕು. ಕ್ರಮ ಹೀಗಿದೆ:

1. ರಕ್ತ, ಸಗಣಿ ತೊಳೆದು, ಅಂಟಿದ ಮಾಂಸ ಹಾಗೂ ಕೊಬ್ಬನ್ನು ತೆಗೆದು, ನೆರಳಿನಲ್ಲಿ ನೀರು ಬಸಿಯಲು ಬಿಡಬೇಕು.

2. ತೊಗಲಿನ ತೂಕದ ಶೇಕಡಾ 40ರಿಂದ 50ರಷ್ಟು ಉಪ್ಪು ಬೇಕು. 24 ಕಿಲೋ ತೂಗುವ ಎಮ್ಮೆಯ ತೊಗಲಿಗೆ ಸುಮಾರು 10ರಿಂದ 12 ಕಿಲೋ. ಒಂದೂವರೆ ಕಿಲೋದ ಆಡಿನ ತೊಗಲಿಗೆ ಮುಕ್ಕಾಲು ಕಿಲೋದವರೆಗೆ. ಉಪ್ಪು ಹೊಸದಾಗಿರಲಿ, ಸಣ್ಣ ಹರಳಿನದಾಗಿರಲಿ. ಒಮ್ಮೆ ಬಳಸಿದ ಉಪ್ಪಿನಲ್ಲಿ ಉಪ್ಪನ್ನೂ ತಾಳಿಕೊಳ್ಳುವ ಸೂಕ್ಷ್ಮಾಣುಗಳು ಉಳಿದಿದ್ದು, ತೊಗಲಿನ ಮೇಲೆ ಕೆಂಪು ಕಲೆ ಎಬ್ಬಿಸುತ್ತವೆ.

3. ಮಾಂಸದ ಮಗ್ಗುಲು ಮೇಲೆ ಬರುವಂತೆ ಹಾಸಿ, ಉಪ್ಪನ್ನು ಸಮನಾಗಿ ಉಜ್ಜಬೇಕು. ಕುತ್ತಿಗೆ, ಕಾಲು ಮತ್ತು ಅಂಚುಗಳ ಮಡಿಕೆಯಲ್ಲಿ ಉಪ್ಪು ತಲುಪದೆ ಹೋದರೆ ಕೊಳೆತ ಅಲ್ಲಿಂದಲೇ ಆರಂಭವಾಗುತ್ತದೆ.

4. ಒಂದರ ಮೇಲೊಂದು ಪೇರಿಸುವಾಗ ಪೇರಿಕೆ ಒಂದು ಮೀಟರಿಗಿಂತ ಎತ್ತರವಾಗದಿರಲಿ. ಕೆಳಗೆ ಕಟ್ಟಿಗೆಯ ಹಲಗೆ ಇಲ್ಲವೆ ಇಳಿಜಾರಾದ ಕಲ್ಲುಹಾಸು ಇರಬೇಕು. ಉಪ್ಪುನೀರು ಬಸಿದು ಹೋಗದೆ ನಿಂತರೆ ಕೆಳಗಿನ ತೊಗಲು ಕೆಡುತ್ತದೆ.

5. ಮರುದಿನ ನೋಡಿ, ಉಪ್ಪು ಕರಗಿ ಬರಿದಾದಲ್ಲಿ ಮತ್ತೆ ಹಾಕಬೇಕು. ಎರಡು ವಾರದ ನಂತರ ಪೇರಿಕೆಯನ್ನು ತಿರುವಿ, ಮೇಲಿನವನ್ನು ಕೆಳಗೆ, ಕೆಳಗಿನವನ್ನು ಮೇಲೆ ಮಾಡಬೇಕು.

ಕೂದಲು ಹಿಡಿದೆಳೆದರೆ ಸುಲಭವಾಗಿ ಕಿತ್ತು ಬರುವುದು, ಮೂಗಿಗೆ ರಾಚುವ ವಾಸನೆ, ಕೆಂಪು ಕಲೆ—ಇವು ತೊಗಲು ಕೆಡುತ್ತಿರುವ ಗುರುತುಗಳು. ಅಂಥದನ್ನು ಕೂಡಲೇ ಪೇರಿಕೆಯಿಂದ ಬೇರೆ ಮಾಡಬೇಕು.

ಉಪ್ಪಿಲ್ಲದೆ ಒಣಗಿಸುವುದಾದರೆ ನೆಲದ ಮೇಲೆ ಹಾಸಿ ಬಿಸಿಲಿಗೆ ಬಿಡುವುದು ತಪ್ಪು. ಮೇಲ್ಪದರ ಬೇಗ ಒಣಗಿ ಗಟ್ಟಿಯಾದರೂ ಒಳಗಿನ ತೇವ ಉಳಿದು, ಒಳಗೊಳಗೇ ಕೊಳೆಯುತ್ತದೆ. ಕಟ್ಟಿಗೆಯ ಚೌಕಟ್ಟಿಗೆ ಹುರಿಯಿಂದ ಬಿಗಿದು, ಗಾಳಿಯಾಡುವ ನೆರಳಿನಲ್ಲಿ ಒಣಗಿಸುವುದೇ ಸರಿ.

ಬಸಿದ ಉಪ್ಪುನೀರು ಹೊಲಕ್ಕೆ ಹೋಗದಿರಲಿ

ರೈತರಿಗೆ ಇದು ಮುಖ್ಯವಾದ ಮಾತು. ಗೋಕಾಕ, ಮೂಡಲಗಿ ಕಡೆ ಘಟಪ್ರಭಾ ನೀರಾವರಿಗೆ ಒಳಪಟ್ಟ ಕಪ್ಪು ಭೂಮಿಯಲ್ಲಿ ಸವುಳು-ಜವುಳಿನ ತೊಂದರೆ ಮೊದಲೇ ಇದೆ. ಒಂದು ದೊಡ್ಡ ತೊಗಲಿನ ಹಿಂದೆ 10 ಕಿಲೋ ಉಪ್ಪು ಬರುತ್ತದೆಂಬುದನ್ನು ನೆನೆದರೆ, ಹತ್ತು ತೊಗಲಿನ ಉಪ್ಪುನೀರು ಮನೆಯ ಹಿಂದಿನ ಹಿತ್ತಿಲನ್ನು ಹಾಳುಮಾಡಲು ಸಾಕು. ಬಸಿನೀರನ್ನು ಸಿಮೆಂಟಿನ ಚಿಕ್ಕ ತೊಟ್ಟಿಗೆ ಇಳಿಸಿ, ಬಿಸಿಲಿಗೆ ಆರಿಸಿ, ಉಳಿದ ಉಪ್ಪನ್ನು ಚೀಲದಲ್ಲಿ ತುಂಬಿಡಬೇಕು. ಹಳ್ಳ, ಬಾವಿ, ಹೊಲಗಾಲುವೆಗಳಿಗೆ ಎಂದೂ ಬಿಡಕೂಡದು.

ಹದ ಮಾಡಿದ ತೊಗಲಿನ ಕೋಣೆ

ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಕೋಣೆ ಸಣ್ಣ ಕಸುಬಿಗೆ ಸಾಕಾಗುತ್ತದೆ. ಹಂಚಿನ ಮನೆಯಾದರೆ ಒಡೆದ ಹಂಚುಗಳನ್ನು, ಮಣ್ಣಿನ ಮಾಳಿಗೆಯಾದರೆ ಸೋರುವ ಜಾಗವನ್ನು ರೋಹಿಣಿ ಮಳೆ ಹಿಡಿಯುವ ಮೊದಲೇ ಸರಿಪಡಿಸಬೇಕು. ತೊಗಲನ್ನು ನೆಲದಿಂದ ಒಂದು ಅಡಿ, ಗೋಡೆಯಿಂದ ಅರ್ಧ ಅಡಿ ದೂರದಲ್ಲಿ, ಕಟ್ಟಿಗೆ ಅಥವಾ ಬಿದಿರಿನ ಅಟ್ಟಣಿಗೆಯ ಮೇಲಿಡಬೇಕು. ಅಟ್ಟೆಗೆ ಬಳಸುವ ದಪ್ಪ ತೊಗಲನ್ನು ಮಡಿಸದೆ ಹಾಸಿಡುವುದು ಒಳ್ಳೆಯದು. ತೆಳುವಾದದ್ದನ್ನು ನುಣುಪಾದ ಮಗ್ಗುಲು ಹೊರಗೆ ಬರುವಂತೆ ಸಡಿಲವಾಗಿ ಸುರುಳಿ ಸುತ್ತಿ, ಹಳೆಯ ಬಟ್ಟೆಯಲ್ಲಿ ಕಟ್ಟಿಡಬೇಕು. ಮಡಿಸಿದ ಗೆರೆ ಮುಂದೆ ಚಪ್ಪಲಿಯ ಮೇಲೆ ಬಿರುಕಾಗಿ ಕಾಣುತ್ತದೆ. ಪ್ಲಾಸ್ಟಿಕ್ ಚೀಲ ಕೂಡದು. ಒಳಗಿನ ತೇವ ಹೊರಹೋಗದೆ ಬೂಷ್ಟಿಗೆ ದಾರಿಯಾಗುತ್ತದೆ.

ಗಾಳಿಯ ತೇವ ಶೇಕಡಾ 50ರಿಂದ 65ರ ನಡುವೆ ಇದ್ದರೆ ತೊಗಲು ಸುಸ್ಥಿತಿಯಲ್ಲಿರುತ್ತದೆ. 70 ದಾಟಿದರೆ ಬೂಷ್ಟು ಹಿಡಿಯುವ ಭಯ. ಇದನ್ನು ತೋರಿಸುವ ಸಣ್ಣ ತೇವಮಾಪಕಗಳು ಈಗ ಪೇಟೆಯಲ್ಲಿ ಅಗ್ಗವಾಗಿ ಸಿಗುತ್ತವೆ. ಅದಿಲ್ಲದವರು ಒಂದು ಗಾಜಿನ ಬಟ್ಟಲಿನಲ್ಲಿ ಹರಳುಪ್ಪನ್ನು ಕೋಣೆಯಲ್ಲಿ ತೆರೆದಿಡಲಿ. ಶುದ್ಧ ಉಪ್ಪು ಗಾಳಿಯ ತೇವ ಸುಮಾರು ಶೇಕಡಾ 75 ಆದಾಗ ನೀರೊಡೆಯುತ್ತದೆ. ಸಾಧಾರಣ ಹರಳುಪ್ಪು ಅದಕ್ಕೂ ಸ್ವಲ್ಪ ಮುಂಚೆಯೇ. ಉಪ್ಪು ಜಿನುಗಿತೆಂದರೆ ತೊಗಲನ್ನು ಬಿಚ್ಚಿ ನೋಡುವ ಸಮಯ ಬಂದಿತೆಂದು ತಿಳಿಯಬೇಕು.

ಕಿಟಕಿ ಸದಾ ತೆರೆದಿರಬೇಕೆಂಬುದು ಸಾಮಾನ್ಯ ತಿಳುವಳಿಕೆ. ಮಳೆಗಾಲದಲ್ಲಿ ಇದು ಸರಿಯಲ್ಲ. ಜಿಟಿಜಿಟಿ ಮಳೆಯ ದಿನ ಹೊರಗಿನ ಗಾಳಿಯೇ ಹೆಚ್ಚು ತೇವವಾಗಿರುತ್ತದೆ. ಅಂದು ಕಿಟಕಿ ಮುಚ್ಚಿರಬೇಕು. ಹೊಳವಾದ ದಿನ ಮಧ್ಯಾಹ್ನ ಎರಡು ಮೂರು ಗಂಟೆ ಎದುರುಬದುರು ಕಿಟಕಿಗಳನ್ನು ತೆರೆದು ಗಾಳಿಯಾಡಿಸಿ, ಸಂಜೆಗೆ ಮುಚ್ಚಬೇಕು. ಪಶ್ಚಿಮಕ್ಕೆ ಇರುವ ಹುಕ್ಕೇರಿ ಭಾಗದಲ್ಲಿ ಮಳೆಯ ದಿನಗಳು ಗೋಕಾಕಕ್ಕಿಂತ ಹೆಚ್ಚು; ಅಲ್ಲಿ ಇದರ ಕಡೆ ಇನ್ನಷ್ಟು ಗಮನ ಬೇಕು.

ಕಬ್ಬಿಣ ತಾಗದಿರಲಿ

ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿ ಹಿಂದೆ ಕಪ್ಪು ಮಸಿ ಮಾಡುತ್ತಿದ್ದುದನ್ನು ಹಿರಿಯರು ಬಲ್ಲರು. ಒಗರಿನಲ್ಲಿ ಹದ ಮಾಡಿದ ತೊಗಲಿನ ಮೇಲೂ ಇದೇ ಕ್ರಿಯೆ ನಡೆಯುತ್ತದೆ. ಒದ್ದೆಯಾದ ತೊಗಲಿಗೆ ತುಕ್ಕು ಹಿಡಿದ ಮೊಳೆ, ಸರಳು ತಾಗಿದರೆ, ಅಥವಾ ತಗಡಿನ ಛಾವಣಿಯ ತುಕ್ಕುನೀರು ತೊಟ್ಟಿಕ್ಕಿದರೆ ನೀಲಿಗಪ್ಪು ಕಲೆ ಬೀಳುತ್ತದೆ. ಆದ್ದರಿಂದ ತೂಗುಹಾಕಲು ಕಟ್ಟಿಗೆಯ ಗೂಟವನ್ನೇ ಬಳಸಬೇಕು. ಹೊಸ ಕಲೆಯಾದರೆ ನಿಂಬೆರಸ ಒರೆಸಿ, ಒದ್ದೆ ಬಟ್ಟೆಯಿಂದ ತೊಡೆದರೆ ಮಾಸುವುದುಂಟು. ಹಳೆಯ ಕಲೆ ಹೋಗುವುದು ಕಷ್ಟ.

ಬೂಷ್ಟು ಮತ್ತು ಹುಳು

ಬೂಷ್ಟು ಕಂಡ ತೊಗಲನ್ನು ಹೊರಗೆ ಒಯ್ದು, ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು ಒರಟು ಬ್ರಷ್ಷಿನಿಂದ ಉಜ್ಜಿ, ನೆರಳಿನಲ್ಲಿ ಚೆನ್ನಾಗಿ ಆರಿಸಬೇಕು. ಕೋಣೆಯೊಳಗೆ ಜಾಡಿಸಿದರೆ ಬೂಷ್ಟಿನ ಪುಡಿ ಉಳಿದ ತೊಗಲಿಗೂ ಹತ್ತುವುದು. ದಾಸ್ತಾನಿನಲ್ಲಿರುವ ತೊಗಲಿಗೆ ಅತಿಯಾಗಿ ಎಣ್ಣೆ ಸವರುವುದೂ ತಪ್ಪು. ಎಣ್ಣೆ ಬೂಷ್ಟಿಗೆ ಆಹಾರವಾಗುತ್ತದೆ.

ಒಣಗಿಸಿದ ಹಸಿ ತೊಗಲನ್ನು ತಿನ್ನುವ ಮುಖ್ಯ ಕೀಟ ಡರ್ಮೆಸ್ಟಿಸ್ ಎಂಬ ಜೀರುಂಡೆ. ರೇಷ್ಮೆ ಗೂಡಿನ ದಾಸ್ತಾನಿಗೂ ಇದೇ ಜಾತಿಯ ಹುಳು ಬೀಳುತ್ತದೆ. ಕಂದುಗಪ್ಪು ಬಣ್ಣದ, ಮೈತುಂಬ ಕೂದಲುಳ್ಳ ಇದರ ಮರಿಹುಳು ತೊಗಲಿನಲ್ಲಿ ತೂತು ಕೊರೆಯುತ್ತದೆ. ಹದಿನೈದು ದಿನಕ್ಕೊಮ್ಮೆ ತೊಗಲನ್ನು ಅಂಗಳಕ್ಕೆ ತಂದು, ಕೋಲಿನಿಂದ ಬಡಿದು, ಉದುರಿದ ಹುಳುಗಳನ್ನು ಸುಡಬೇಕು. ಅಟ್ಟಣಿಗೆಯ ಬಿರುಕುಗಳನ್ನು ಶುಚಿಗೊಳಿಸಬೇಕು. ಚೂರು ತೊಗಲು, ಎಲುಬು, ಕೂದಲನ್ನು ಕೋಣೆಯಲ್ಲಿ ಉಳಿಸಕೂಡದು.

ಹಿಂದೆ ಇದಕ್ಕೆ ಬಿ.ಎಚ್.ಸಿ. ಪುಡಿ ಚೆಲ್ಲುವ ರೂಢಿಯಿತ್ತು. ಆ ಪುಡಿ 1997ರಿಂದ ಭಾರತದಲ್ಲಿ ನಿಷೇಧವಾಗಿದೆ. ಹಳೆಯದು ಮನೆಯಲ್ಲಿ ಉಳಿದಿದ್ದರೂ ಬಳಸಬಾರದು. ಕಾಳಿನ ಹುಳಕ್ಕೆ ತಂದ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ತೊಗಲಿನ ಕೋಣೆಯಲ್ಲಿ ಇಡುವುದಂತೂ ಪ್ರಾಣಕ್ಕೇ ಅಪಾಯ. ಅದರಿಂದ ಏಳುವ ವಿಷಗಾಳಿ ಪಕ್ಕದಲ್ಲಿ ಮಲಗಿದವರನ್ನೂ ಕೊಲ್ಲಬಲ್ಲದು.

ಮುಟ್ಟಬಾರದ ತೊಗಲು

ದನ, ಕುರಿ ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಎಂದು ಸಂಶಯಿಸಬೇಕು. ಅಂಥ ಹೆಣವನ್ನು ಕೊಯ್ಯಬಾರದು, ತೊಗಲು ಬಿಡಿಸಬಾರದು. ಈ ರೋಗ ಮನುಷ್ಯರಿಗೂ ತಗಲುತ್ತದೆ. ಇದರ ಬೀಜಾಣು ಒಣಗಿದ ತೊಗಲಿನಲ್ಲಿ, ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರುತ್ತದೆ, ಉಪ್ಪಿನಿಂದಲೂ ಸಾಯದು. ಕೂಡಲೇ ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಸುಡುವುದೋ ಆಳವಾಗಿ ಹೂಳುವುದೋ ಮಾಡಬೇಕು. ತೊಗಲು ಕೊಳ್ಳುವವರು ಸಹ ದನ ಹೇಗೆ ಸತ್ತಿತೆಂದು ವಿಚಾರಿಸದೆ ಕೊಳ್ಳಬಾರದು. ಕೈಯಲ್ಲಿ ಗಾಯವಿದ್ದಾಗ ಹಸಿ ತೊಗಲು ಮುಟ್ಟುವುದು ಬೇಡ.

ಯಾರಿಂದ, ಯಾವ ದಿನ, ಯಾವ ಬಗೆಯ ತೊಗಲು ಬಂತೆಂಬ ಚೀಟಿಯನ್ನು ಪ್ರತಿ ಕಟ್ಟಿಗೂ ಕಟ್ಟಿಡಬೇಕು. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ಇದು ಕಸುಬುದಾರನ ರಕ್ಷಣೆಗೂ ಅವಶ್ಯಕ. ಹಳೆಯ ಕಟ್ಟನ್ನು ಮೊದಲು ಬಳಸುವುದಕ್ಕೂ ಇದರಿಂದ ಅನುಕೂಲ.

ನೆರೆ ಬಂದಾಗ

2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದ ತಗ್ಗಿನ ಓಣಿಗಳಿಗೂ, ಮೂಡಲಗಿ ತಾಲ್ಲೂಕಿನ ನದಿದಂಡೆಯ ಊರುಗಳಿಗೂ ನೀರು ನುಗ್ಗಿದ್ದು ಎಲ್ಲರ ನೆನಪಿನಲ್ಲಿದೆ. ದಂಡೆಯ ಊರಿನವರು ತೊಗಲನ್ನು ನೆಲದಿಂದ ಒಂದು ಅಡಿ ಎತ್ತರಿಸಿದರೆ ಸಾಲದು. ಪುಷ್ಯ, ಆಶ್ಲೇಷ ಮಳೆಗಳ ಕಾಲಕ್ಕೆ ಅಟ್ಟಕ್ಕೆ ಏರಿಸಿರಬೇಕು. ಹಿಡಕಲ್ ಜಲಾಶಯದಿಂದ ನೀರು ಬಿಡುವ ಸೂಚನೆ ಬಂದಾಗ ಜನ, ದನಗಳ ತರುವಾಯ ತೊಗಲಿನ ಕಟ್ಟುಗಳನ್ನು ಎತ್ತರದ ಜಾಗಕ್ಕೆ ಸಾಗಿಸಬೇಕು.

ನೀರಿನಲ್ಲಿ ನೆನೆದ ಹದದ ತೊಗಲನ್ನು ಒಗೆಯುವಂತಿಲ್ಲವೆಂದು ಬಿಸಾಡಬೇಕಿಲ್ಲ. ರಾಡಿಯನ್ನು ಶುದ್ಧ ನೀರಿನಿಂದ ತೊಳೆದು, ಒಂದೊಂದನ್ನೇ ಬಿಡಿಯಾಗಿ ನೆರಳಿನಲ್ಲಿ ಹರಡಿ, ಆಗಾಗ ಮಗ್ಗುಲು ಬದಲಿಸಿ ಒಣಗಿಸಬೇಕು. ಅರ್ಧ ಒಣಗಿದಾಗ ಕೈಯಿಂದ ಎಳೆದು ಆಕಾರಕ್ಕೆ ತರಬೇಕು. ಬೇಗ ಒಣಗಲೆಂದು ಒಲೆಯ ಬಳಿ ಇಲ್ಲವೆ ಸುಡು ಬಿಸಿಲಿನಲ್ಲಿ ಇಟ್ಟರೆ ಹಸಿಯಾದ ತೊಗಲು ಮುದುಡಿ ಕಟ್ಟಿಗೆಯಂತೆ ಗಟ್ಟಿಯಾಗುವುದು; ಮತ್ತೆ ಸರಿಹೋಗದು.

ವರ್ಷದ ಕೆಲಸ

ಏಪ್ರಿಲ್-ಮೇ: ಛಾವಣಿ ದುರಸ್ತಿ, ಅಟ್ಟಣಿಗೆ ಶುಚಿ. ತೊಗಲನ್ನು ಚೆನ್ನಾಗಿ ಆರಿಸಿ ಕಟ್ಟುವುದು.
ಜೂನ್‌ನಿಂದ ಸೆಪ್ಟೆಂಬರ್: ಉಪ್ಪಿನ ಬಟ್ಟಲು ದಿನವೂ, ತೊಗಲಿನ ಕಟ್ಟು ವಾರಕ್ಕೊಮ್ಮೆ ನೋಡುವುದು. ಹಸಿ ತೊಗಲನ್ನು ಸಾಧ್ಯವಾದಷ್ಟು ಬೇಗ ಸಾಗಿಸುವುದು.
ಅಕ್ಟೋಬರ್-ನವೆಂಬರ್: ಎಲ್ಲ ಕಟ್ಟುಗಳನ್ನು ಬಿಚ್ಚಿ ಗಾಳಿಗೆ ಹಾಕುವುದು, ಕೆಟ್ಟದ್ದನ್ನು ಬೇರ್ಪಡಿಸುವುದು.
ಡಿಸೆಂಬರ್‌ನಿಂದ ಮಾರ್ಚ್: ಒಣಗಾಳಿಗೆ ತೊಗಲು ಬಿರುಸಾಗದಂತೆ ಬಿಸಿಲು ಬೀಳದ ಕಡೆ ಇಡುವುದು.

ಕಾಳನ್ನು ಹಗೇವಿನಲ್ಲಿ, ಬೀಜವನ್ನು ಮಡಕೆಯಲ್ಲಿ ಜೋಪಾನ ಮಾಡುವ ವಿದ್ಯೆ ನಮ್ಮ ರೈತರಿಗೆ ಹೊಸದಲ್ಲ. ತೊಗಲಿಗೂ ಅದೇ ಜೋಪಾನ ಬೇಕು. ಇದಕ್ಕೆ ಬೇಕಾದ ಅಟ್ಟಣಿಗೆ, ಗೂಟ, ಹಳೆಯ ಬಟ್ಟೆ, ಉಪ್ಪಿನ ಬಟ್ಟಲು ಎಲ್ಲವೂ ಮನೆಯಲ್ಲಿಯೇ ಸಿಗುವ ವಸ್ತುಗಳು. ಜಾನುವಾರು ರೋಗದ ಸಂಶಯವಿದ್ದರೆ ಸಮೀಪದ ಪಶುಚಿಕಿತ್ಸಾಲಯವನ್ನೂ, ಕಸುಬಿನ ತರಬೇತಿಗೆ ಲಿಡ್ಕರ್ ನಿಗಮವನ್ನೂ ವಿಚಾರಿಸಬಹುದು. ಈ ಬಾರಿ ರೋಹಿಣಿ ಮಳೆಗೆ ಮುಂಚೆ ಒಂದು ದಿನವನ್ನು ತೊಗಲಿನ ಕೋಣೆಗೆಂದೇ ತೆಗೆದಿಟ್ಟರೆ, ದೀಪಾವಳಿಯ ಹೊತ್ತಿಗೆ ಆ ಶ್ರಮದ ಬೆಲೆ ಕೈಗೆ ಬರುವುದರಲ್ಲಿ ಸಂದೇಹವಿಲ್ಲ.